ಹಣ್ಣಿಲ್ಲದ ಹಣ್ಣಿನ ತೋಟ

ರಜೆಗೆ ಬಂದ ಮೊಮ್ಮಗಳು ‘ಲಿಟಲ್ ವಿಮೆನ್’ ಕಾದಂಬರಿ ಓದುತ್ತಿದ್ದಳು. “ತಾತ, ಇದನ್ನು ಬರೆದ ಲೂಯಿಸಾ ಚಿಕ್ಕವಳಿದ್ದಾಗ ಒಂದು ತೋಟದಲ್ಲಿ ಇದ್ದಳಂತೆ. ಅಲ್ಲಿ ಹಾಲನ್ನೂ ಕುಡಿಯುವ ಹಾಗಿರಲಿಲ್ಲವಂತೆ. ಯಾಕೆ?” ಎಂದಳು. ಅವಳಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ ಮಕ್ಕಳೇ.

1843ರ ಜೂನ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಾರ್ವರ್ಡ್ ಎಂಬ ಸಣ್ಣ ಊರು. ಬ್ರಾನ್ಸನ್ ಆಲ್ಕಾಟ್ ಎಂಬ ಮೇಷ್ಟ್ರು ಹೆಂಡತಿ ಅಬಿಗೇಲ್ ಮತ್ತು ನಾಲ್ವರು ಹೆಣ್ಣುಮಕ್ಕಳೊಡನೆ ಅಲ್ಲಿಗೆ ಬಂದರು. ಎರಡನೆಯವಳೇ ಲೂಯಿಸಾ, ಆಗ ಹತ್ತು ವರ್ಷ. ಗೆಳೆಯ ಚಾರ್ಲ್ಸ್ ಲೇನ್ 1,800 ಡಾಲರ್ ಕೊಟ್ಟು 90 ಎಕರೆ ಜಮೀನು ಕೊಂಡಿದ್ದರು. ಅದಕ್ಕೆ ಇಟ್ಟ ಹೆಸರು ಫ್ರೂಟ್‌ಲ್ಯಾಂಡ್ಸ್, ಅಂದರೆ ಹಣ್ಣಿನ ನಾಡು. ಅಲ್ಲಿದ್ದದ್ದು ಮಾತ್ರ ಸುಮಾರು ಹತ್ತು ಹಳೆಯ ಸೇಬಿನ ಮರ!

ಯಾರಿಗೂ ನೋವು ಕೊಡದೆ ಬದುಕಬೇಕು ಎಂಬುದು ಅವರ ಆಸೆ. ಹಾಲು ಕರುವಿನದು, ಉಣ್ಣೆ ಕುರಿಯದು, ಆದ್ದರಿಂದ ಎರಡೂ ಬೇಡ. ಹತ್ತಿ ಬೆಳೆಯುತ್ತಿದ್ದವರು ಗುಲಾಮರು, ಆದ್ದರಿಂದ ಹತ್ತಿ ಬಟ್ಟೆಯೂ ಬೇಡ. ಎಲ್ಲರಿಗೂ ಅಗಸೆ ನಾರಿನ ಬಟ್ಟೆ. ಎತ್ತಿನ ಹೆಗಲಿಗೆ ನೊಗ ಹೂಡದೆ ಕೈಯಿಂದಲೇ ನೆಲ ಅಗೆಯಬೇಕು. ಕೈ ಬೊಬ್ಬೆ ಬಂದ ಮೇಲೆ ಜೋಸೆಫ್ ಪಾಮರ್ ಎಂಬ ಅನುಭವಸ್ಥ ರೈತ ಒಂದು ಎತ್ತು, ಒಂದು ಹಸು ತಂದು ಉಳುಮೆ ಮಾಡಿದ.

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಯಾವ ಕಥೆ ಕೇಳಿದರೂ ಖರ್ಚಿನ ಕಡೆ ಕಣ್ಣು ಹೋಗುತ್ತದೆ. ಇಲ್ಲಿ ದೊಡ್ಡ ಖರ್ಚು ಬಿದ್ದದ್ದು ಅಬಿಗೇಲ್ ತಲೆಯ ಮೇಲೆ. ಹನ್ನೆರಡು ಹದಿಮೂರು ಜನರಿಗೆ ಅಡುಗೆ, ಬಟ್ಟೆ ಒಗೆತ, ಹೊಲಿಗೆ. ಬಾರ್ಲಿ ಕೊಯ್ದು ಹೊಲದಲ್ಲಿ ಬಿದ್ದಿದ್ದಾಗ ಗಂಡಸರು ಆದರ್ಶದ ಮಾತಾಡಲು ಬೇರೆ ಊರಿಗೆ ಹೋಗಿದ್ದರು. ಮಳೆ ಮೋಡ ಕವಿಯಿತು. ಅಬಿಗೇಲ್ ಮತ್ತು ಮಕ್ಕಳೇ ಬುಟ್ಟಿ, ಹಾಸುಬಟ್ಟೆಗಳಲ್ಲಿ ತುಂಬಿ ಆ ಕಾಳು ಉಳಿಸಿದರು.

ಚಳಿಗಾಲಕ್ಕೆ ಉಗ್ರಾಣ ಬರಿದಾಯಿತು. ಗಂಡ, ಹೆಂಡತಿ, ಮಕ್ಕಳು ಎಂಬ ಸಂಸಾರವೇ ಅಡ್ಡಿ ಎಂದರು ಲೇನ್. ಮನೆ ಒಡೆದೀತೆಂದು ಲೂಯಿಸಾ ಮತ್ತು ಅಕ್ಕ ರಾತ್ರಿ ಹಾಸಿಗೆಯಲ್ಲಿ ಅತ್ತರು. ಅದನ್ನು ಅವಳೇ ಡೈರಿಯಲ್ಲಿ ಬರೆದಿಟ್ಟಿದ್ದಾಳೆ. 1844ರ ಜನವರಿಯಲ್ಲಿ ಲೇನ್ ಹೊರಟರು, ಆಲ್ಕಾಟ್ ಸಂಸಾರವೂ ಹೊರಟಿತು. ಏಳು ತಿಂಗಳಿಗೆ ತೋಟ ಮುಗಿಯಿತು. 1868ರಲ್ಲಿ ‘ಲಿಟಲ್ ವಿಮೆನ್’ ಬಂದ ಮೇಲೆ ಮನೆಯ ಸಾಲವನ್ನೆಲ್ಲ ತೀರಿಸಿದವಳು ಆ ಲೂಯಿಸಾಳೇ.

“ಹಾಗಾದರೆ ಅವರದ್ದು ತಪ್ಪಾ ತಾತ?” ಎಂದಳು ಮೊಮ್ಮಗಳು.

ಗುಲಾಮರ ಬೆವರಿನ ಬಟ್ಟೆ ಬೇಡ ಎಂದದ್ದು ತಪ್ಪಲ್ಲ ಪುಟ್ಟಿ. ಮನೆಯೊಳಗಿನ ಬೆವರು ಕಾಣದೆ ಹೋದದ್ದು ತಪ್ಪು ಎಂದೆ.

ನಿವೃತ್ತನಾದ ವರ್ಷ ನಾವು ನಾಲ್ವರು ಗೆಳೆಯರೂ ಊರಾಚೆ ಜಮೀನು ಕೊಂಡು ಒಟ್ಟಿಗೆ ಇರೋಣ ಎಂದು ಲೆಕ್ಕ ಹಾಕಿದ್ದೆವು. ಬಾವಿ, ಬೇಲಿ, ತೆಂಗಿನ ಸಸಿ, ಎಲ್ಲಕ್ಕೂ ಅಂದಾಜು ಬರೆದಿದ್ದೆ. ಕಾಗದ ನೋಡಿ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: “ಅಡುಗೆ ಯಾರು ಮಾಡೋದು?”

ಆ ಕಾಲಂ ನಾನು ಹಾಕಿರಲೇ ಇಲ್ಲ. ಜಮೀನು ಕೊಳ್ಳಲಿಲ್ಲ. ಅಂದಿನಿಂದ ಬೆಳಗಿನ ಕಾಫಿ ಮಾತ್ರ ನನ್ನದೇ.