ಸುಟ್ಟ ಗಾಯಕ್ಕೆ ಮೀನಿನ ಚರ್ಮ: ನಿಜವಾದ ಲಾಭ ಎಲ್ಲಿದೆ?

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಎಂಟೆಕ್ ಮುಗಿಸಿ ಪುಣೆಯಲ್ಲಿ ಕೋಡ್ ಬರೆಯೋನು. ಆದ್ರೂ ಈ ವಿಷಯದ ಹಿಂದೆ ಬಿದ್ದಿದ್ದಕ್ಕೆ ಕಾರಣ ಇದೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ, ಕುದಿಯೋ ಸಾರಿನ ಪಾತ್ರೆ ಇಳಿಸುವಾಗ ಇಕ್ಕಳ ಜಾರಿತು. ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೂ ಸುಟ್ಟಿತು. ಆ ಕ್ಷಣದ ನೋವು ಈಗ ಅಷ್ಟಾಗಿ ನೆನಪಿಲ್ಲ. ನೆನಪಿರೋದು ಆಮೇಲಿನ ಡ್ರೆಸ್ಸಿಂಗ್. ಗಾಯಕ್ಕೆ ಅಂಟಿಕೊಂಡ ಗಾಜ್ ಬಟ್ಟೆಯನ್ನು ನೀರಲ್ಲಿ ನೆನೆಸಿ, ಸ್ವಲ್ಪಸ್ವಲ್ಪವೇ ಎಳೆಯೋರು. "ಥೋಡಂ ಸಹನ್ ಕರಾ" ಅಂತ ನರ್ಸ್ ಸಮಾಧಾನ ಮಾಡೋರು. ಹಿಂದಿನ ರಾತ್ರಿಯಿಂದಲೇ ನನಗೆ ಭಯ ಶುರುವಾಗ್ತಿತ್ತು.

ಕೈ ವಾಸಿಯಾದ ಮೇಲೆ ಬ್ರೆಜಿಲ್‌ನವರ ಕೆಲಸದ ಬಗ್ಗೆ ಓದಿದೆ. ಅಲ್ಲಿ ಸುಟ್ಟ ಗಾಯದ ಮೇಲೆ ಮೀನಿನ ಚರ್ಮ ಹಾಕ್ತಾರೆ. ಫೋನಲ್ಲಿ ಅಮ್ಮನಿಗೆ ಹೇಳಿದ್ರೆ, "ಅಯ್ಯೋ, ವಾಸನೆ ಬರಲ್ವೇನೋ?" ಅಂದ್ರು. ಒಳ್ಳೆ ಪ್ರಶ್ನೆ, ಉತ್ತರ ಮುಂದೆ ಇದೆ.

ಮೊದಲು ಗಾಯ ಹೇಗೆ ವಾಸಿಯಾಗುತ್ತೆ ನೋಡೋಣ. ನಮ್ಮ ಚರ್ಮಕ್ಕೆ ಹೊರಚರ್ಮ, ಒಳಚರ್ಮ ಅಂತ ಎರಡು ಮುಖ್ಯ ಪದರ. ನೀರಿನ ಗುಳ್ಳೆ ಏಳುವಂಥ ಎರಡನೇ ಹಂತದ ಸುಟ್ಟ ಗಾಯದಲ್ಲಿ ಹೊರಚರ್ಮ ಪೂರ್ತಿ ಹೋಗಿರುತ್ತೆ, ಒಳಚರ್ಮ ಸ್ವಲ್ಪ ಉಳಿದಿರುತ್ತೆ. ಅಲ್ಲಿನ ಕೂದಲ ಬುಡಗಳಲ್ಲಿ, ಬೆವರುಗ್ರಂಥಿಗಳಲ್ಲಿ ಬದುಕುಳಿದ ಜೀವಕೋಶಗಳೇ ಹರಡಿ ಹೊಸ ಚರ್ಮ ಕಟ್ಟುತ್ತವೆ. ಅವಕ್ಕೆ ಬೇಕಾಗಿರೋದು ಮೂರೇ: ತೇವ, ಸೋಂಕಿನಿಂದ ರಕ್ಷಣೆ, ಮತ್ತೆ ಯಾರೂ ಕೆದಕದೇ ಇರೋದು.

ಗಾಜ್ ಬಟ್ಟೆಯಲ್ಲಿ ತಪ್ಪೋದು ಈ ಮೂರನೆಯದೇ. ಬಟ್ಟೆ ಒಣಗಿ ಗಾಯಕ್ಕೆ ಅಂಟುತ್ತೆ. ಬದಲಾಯಿಸುವಾಗ ಆಗತಾನೇ ಬೆಳೆದ ಕೋಶಗಳೂ ಜೊತೆಗೆ ಕಿತ್ತು ಬರುತ್ತವೆ. ಬಯಲಾದ ನರದ ತುದಿಗಳಿಗೆ ಗಾಳಿ ತಗುಲಿ ಪ್ರಾಣ ಹೋದಂಗಾಗುತ್ತೆ.

ಇದಕ್ಕೆ ಒಳ್ಳೆಯ ಹೊದಿಕೆ ಮನುಷ್ಯರದ್ದೇ ಚರ್ಮ. ತೀರಿಕೊಂಡವರು ದಾನ ಮಾಡಿದ ಚರ್ಮವನ್ನು ಸ್ಕಿನ್ ಬ್ಯಾಂಕ್‌ಗಳಲ್ಲಿ ಇಟ್ಟಿರ್ತಾರೆ. ಬ್ರೆಜಿಲ್‌ನಲ್ಲಿ ಅದು ಬೇಡಿಕೆಗೆ ಏನೇನೂ ಸಾಲ್ತಿರಲಿಲ್ಲ. ಅಲ್ಲಿನ ಸಿಯಾರಾ ರಾಜ್ಯದಲ್ಲಿ ತಿಲಾಪಿಯಾ ಮೀನು ಸಾಕಣೆ ಜೋರು. ನಮ್ಮ ಕಡೆ ಕೆರೆಗಳಲ್ಲಿ ಸಿಗೋ ಜಿಲೇಬಿ ಮೀನು ಅಂತಾರಲ್ಲ, ಅದೇ ಜಾತಿ. ಮಾಂಸ ಮಾರಾಟವಾದ ಮೇಲೆ ಚರ್ಮ ಹೆಚ್ಚುಕಮ್ಮಿ ಎಲ್ಲ ಕಸಕ್ಕೆ ಹೋಗ್ತಿತ್ತು. ಫೋರ್ಟಲೇಜಾ ನಗರದಲ್ಲಿ ಪ್ಲಾಸ್ಟಿಕ್ ಸರ್ಜನ್ ಎಡ್ಮಾರ್ ಮಸಿಯೆಲ್ ಮತ್ತು ಸಿಯಾರಾ ಫೆಡರಲ್ ವಿಶ್ವವಿದ್ಯಾಲಯದವರು ಸುಮಾರು 2015ರ ಹೊತ್ತಿಗೆ ಈ ಚರ್ಮದ ಅಧ್ಯಯನ ಶುರು ಮಾಡಿದರು. ಇದರಲ್ಲಿ ಕೊಲಾಜೆನ್ ಅನ್ನೋ ಪ್ರೋಟೀನ್ ಹೇರಳವಾಗಿದೆ, ತೇವ ಹಿಡಿದಿಡುತ್ತೆ, ಎಳೆದರೆ ಸುಲಭಕ್ಕೆ ಹರಿಯಲ್ಲ ಅಂತ ಗೊತ್ತಾಯ್ತು.

ಈಗ ಅಮ್ಮನ ಪ್ರಶ್ನೆಗೆ ಬರ್ತೀನಿ. ಮಾರ್ಕೆಟ್ಟಿಂದ ತಂದು ಸುತ್ತೋ ವಿಷಯ ಅಲ್ಲ ಇದು. ಉಳಿದ ಮಾಂಸವನ್ನೆಲ್ಲ ಕೆರೆದು, ಕ್ಲೋರ್‌ಹೆಕ್ಸಿಡಿನ್ ಅನ್ನೋ ಸೋಂಕುನಾಶಕದಲ್ಲಿ ತೊಳೆದು, ಗ್ಲಿಸರಾಲ್‌ನಲ್ಲಿ ನೆನೆಸಿ ನೀರಿನಂಶ ತೆಗೆದು, ಕೊನೆಗೆ ಗಾಮಾ ವಿಕಿರಣ ಹಾಯಿಸಿ ಕ್ರಿಮಿಗಳನ್ನು ಪೂರ್ತಿ ಕೊಲ್ತಾರೆ. ಫ್ರಿಡ್ಜ್‌ನಲ್ಲಿ ಎರಡು ವರ್ಷದವರೆಗೂ ಇಡಬಹುದು. ವಾಸನೆ ಈ ಹಂತಗಳಲ್ಲೇ ಹೋಗಿಬಿಡುತ್ತೆ. ದಯವಿಟ್ಟು ಯಾರೂ ಹಸಿ ಮೀನಿನ ಚರ್ಮ ಗಾಯಕ್ಕೆ ಹಾಕ್ಕೋಬೇಡಿ, ಸೋಂಕು ಗ್ಯಾರಂಟಿ.

ಸರಿ, ಇದರಿಂದ ಗಾಯ ಬೇಗ ವಾಸಿಯಾಗುತ್ತಾ? ವಾಟ್ಸ್‌ಆ್ಯಪ್ ವಿಡಿಯೋಗಳಲ್ಲಿ ಪವಾಡ ಅಂತ ತೋರಿಸ್ತಾರೆ. ಅಂಕಿ ನೋಡಿ. ಮೇಲುಮೇಲಿನ ಎರಡನೇ ಹಂತದ ಗಾಯ ಇದ್ದ 115 ಜನರ ಮೇಲೆ ಬ್ರೆಜಿಲ್‌ನವರು ಮಾಡಿದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯ್ತು. ಮಾಮೂಲಿ ಬೆಳ್ಳಿಯ ಮುಲಾಮು (ಸಿಲ್ವರ್ ಸಲ್ಫಾಡಯಾಜಿನ್) ಹಚ್ಚಿದವರಿಗೆ ವಾಸಿಯಾಗೋಕೆ ಸರಾಸರಿ 10.2 ದಿನ, ಮೀನಿನ ಚರ್ಮ ಹಾಕಿದವರಿಗೆ 9.7 ದಿನ. ಬರೀ ಅರ್ಧ ದಿನದ ವ್ಯತ್ಯಾಸ! ಆದರೆ ಡ್ರೆಸ್ಸಿಂಗ್ ಎಷ್ಟು ಸಲ ಅಂತ ನೋಡಿದ್ರೆ, ಮುಲಾಮಿನವರಿಗೆ ಸರಾಸರಿ 4.9, ಮೀನಿನವರಿಗೆ 1.6. ನೋವೂ ಕಡಿಮೆ, ಖರ್ಚೂ ಕಡಿಮೆ.

ನನಗೆ ಮುಖ್ಯ ಅನ್ನಿಸಿದ್ದು ಈ ಎರಡನೇ ಸಾಲು. ವೇಗ ಹೆಚ್ಚುಕಮ್ಮಿ ಅಷ್ಟೇ, ಆದರೆ ಆ ಕಿತ್ತು ತೆಗೆಯೋ ಹಿಂಸೆ ಇಲ್ಲ. ಚರ್ಮ ಗಾಯಕ್ಕೆ ಕೂತುಕೊಳ್ಳುತ್ತೆ, ಕೆಳಗೆ ಹೊಸ ಚರ್ಮ ಬಂದಮೇಲೆ ಒಣಗಿ ತಾನೇ ಬಿಟ್ಟುಕೊಳ್ಳುತ್ತೆ. ಹಾಗಂತ ಎಲ್ಲಕ್ಕೂ ಇದೇ ಮದ್ದಲ್ಲ. ಒಳಚರ್ಮವೂ ಪೂರ್ತಿ ಸುಟ್ಟಿರೋ ಮೂರನೇ ಹಂತದ ದೊಡ್ಡ ಗಾಯಕ್ಕೆ ರೋಗಿಯ ಮೈಯಿಂದಲೇ ಚರ್ಮ ತೆಗೆದು ಕಸಿ ಮಾಡಲೇಬೇಕು.

ಅಂಟದ, ತೇವ ಉಳಿಸೋ ಹೊದಿಕೆ ಅನ್ನೋ ಈ ಯೋಚನೆ ನಮ್ಮ ದೇಶಕ್ಕೆ ಹೊಸದೇನಲ್ಲ. ಮುಂಬೈನ ಡಾ. ಕೆಸ್ವಾನಿ 1985ರಲ್ಲೇ ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಡ್ರೆಸ್ಸಿಂಗ್ ಬಗ್ಗೆ ಬರೆದಿದ್ದರು. ಮುಂಬೈ ಡಾಕ್ಟರುಗಳು ಬಾಳೆಲೆಯನ್ನೂ ಶುದ್ಧಮಾಡಿ ಬಳಸಿದ್ದಾರೆ. ಬಡವರಿಗೆ ನೋವಿಲ್ಲದ ಡ್ರೆಸ್ಸಿಂಗ್ ಕೊಡೋದೇ ಅವರೆಲ್ಲರ ಉದ್ದೇಶವಾಗಿತ್ತು.

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ತೀವ್ರವಾಗಿ ಸುಟ್ಟುಕೊಳ್ತಾರೆ. ಚರ್ಮದ ಕೊರತೆ ಇಲ್ಲೂ ಇದೆ. ಮುಂಬೈ ಸಯನ್ ಆಸ್ಪತ್ರೆಯಲ್ಲಿ 2000ದಿಂದ, ಬೆಂಗಳೂರು ವಿಕ್ಟೋರಿಯಾದಲ್ಲಿ 2016ರಿಂದ ಸ್ಕಿನ್ ಬ್ಯಾಂಕ್ ಇದೆ. ಹೈದರಾಬಾದ್ ಉಸ್ಮಾನಿಯಾ, ದೆಹಲಿ ಸಫ್ದರ್‌ಜಂಗ್ ಆಸ್ಪತ್ರೆಗಳಲ್ಲೂ ಇದೆ. ತೀರಿಕೊಂಡ ಆರು ಗಂಟೆಯೊಳಗೆ ಮನೆಯವರು ಫೋನ್ ಮಾಡಬೇಕಷ್ಟೇ. ಕಾಲು, ತೊಡೆ, ಬೆನ್ನಿಂದ ತೆಳು ಪದರ ಮಾತ್ರ ತೆಗೀತಾರೆ, ದೇಹ ವಿಕಾರ ಆಗಲ್ಲ. ರಕ್ತದ ಗುಂಪು ಹೊಂದಬೇಕು ಅಂತಲೂ ಇಲ್ಲ. ಮನೇಲಿ ಒಮ್ಮೆ ಮಾತಾಡಿಡಿ. ನಾನು ಅಮ್ಮನ ಹತ್ರ ಮಾತಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂದೂ ಬರಿಸು" ಅಂದ್ರು.

ಕೊನೇ ಮಾತು. ಕೈ ಸುಟ್ಟರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡೀರಿ. ಐಸ್, ಟೂತ್‌ಪೇಸ್ಟ್, ಇಂಕು, ತುಪ್ಪ ಏನೂ ಬೇಡ. ಗಾಯ ಅಂಗೈಗಿಂತ ದೊಡ್ಡದಿದ್ರೆ, ಅಥವಾ ಮುಖ, ಕೈ, ಕೀಲುಗಳ ಮೇಲಿದ್ರೆ ಸೀದಾ ಆಸ್ಪತ್ರೆಗೆ ಹೋಗಿ. ಅಂಟದಂಥ ಡ್ರೆಸ್ಸಿಂಗ್ ಸಿಗುತ್ತಾ ಅಂತ ಕೇಳಿ. ನಾನು ಕೇಳಿರಲಿಲ್ಲ, ಕೇಳಬಹುದು ಅಂತಾನೇ ಗೊತ್ತಿರಲಿಲ್ಲ.