ಮೀನಿನ ತೊಟ್ಟಿಗೆ ಗಾಳಿ ಊದುವುದೇಕೆ?

ದಾವಣಗೆರೆಯ ಬೇಸಗೆಯ ಉಗ್ರತೆಯನ್ನು ಅಲ್ಲಿ ವಾಸಿಸುವವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ ತಿಂಗಳ ಒಂದು ರಾತ್ರಿ ನಮ್ಮ ಮನೆಯಲ್ಲಿ ವಿದ್ಯುತ್ತು ನಿಂತುಹೋಯಿತು. ಬೆಳಗಿನ ಜಾವ ನೋಡಿದಾಗ ಗಾಜಿನ ತೊಟ್ಟಿಯ ಆರು ಗೋಲ್ಡ್ ಫಿಶ್‌ಗಳಲ್ಲಿ ಒಂದು ಸತ್ತು ತೇಲುತ್ತಿತ್ತು. ಉಳಿದ ಐದೂ ಮೇಲಕ್ಕೆ ಬಾಯಿಯೊಡ್ಡಿ ಚಡಪಡಿಸುತ್ತಿದ್ದುವು. ನೆಲದ ಮೇಲಿಟ್ಟಿದ್ದ ಗಾಳಿಪಂಪಿನ ಸುತ್ತ ನೀರು ನಿಂತು, ವಿದ್ಯುತ್ ತಂತಿಯೂ ಅದರಲ್ಲಿಯೇ ಬಿದ್ದಿತ್ತು. "ನೀರಿನ ಮೇಲೆ ಬೇಕಾದಷ್ಟು ಗಾಳಿಯಿದೆಯಲ್ಲ, ಮೀನೇಕೆ ಸತ್ತಿತು?" ಎಂದು ಮಕ್ಕಳು ಕೇಳಿದರು. ಭೌತಶಾಸ್ತ್ರವನ್ನು ಬೋಧಿಸುವ ನಾವು ಉತ್ತರ ಕೊಡುವ ಮುನ್ನ ಕೊಂಚ ಯೋಚಿಸಬೇಕಾಯಿತು.

ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ಸಮುದ್ರಮಟ್ಟದ ಒತ್ತಡದಲ್ಲಿ, 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ, ಒಂದು ಲೀಟರ್ ಸಿಹಿನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಇದು 7.5 ಮಿಲಿಗ್ರಾಂಗೆ ಇಳಿಯುತ್ತದೆ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಆಳದ ತೊಟ್ಟಿಯಲ್ಲಿ 54 ಲೀಟರ್ ನೀರು ಹಿಡಿಯುವುದಷ್ಟೆ. ಬೇಸಗೆಯಲ್ಲಿ ಅಷ್ಟು ನೀರಿನಲ್ಲಿರುವ ಆಮ್ಲಜನಕವು ಒಂದೂವರೆ ಲೀಟರ್ ಗಾಳಿಯಲ್ಲಿರುವುದಕ್ಕೆ ಸಮ! ಬಿಸಿಲು ಹೆಚ್ಚಿದಂತೆ ನೀರಿನ ಬೊಕ್ಕಸ ಬರಿದಾಗುತ್ತದೆ. ಆದರೆ ಮೀನಿನ ಬೇಡಿಕೆ ಏರುತ್ತದೆ. ಜಲಸಸ್ಯಗಳು ಕೂಡ ರಾತ್ರಿಯಲ್ಲಿ ಆಮ್ಲಜನಕವನ್ನು ಬಳಸುವುದರಿಂದ ಬೆಳಗಿನ ಜಾವವೇ ಅಪಾಯದ ವೇಳೆ.

ಮೇಲಿನ ಗಾಳಿಯಿಂದ ಈ ಕೊರತೆ ತುಂಬಬಾರದೇಕೆ? ತುಂಬುತ್ತದೆ, ಆದರೆ ಬಹು ನಿಧಾನವಾಗಿ. ಆಮ್ಲಜನಕದ ಅಣುಗಳು ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ಮಂದ. ನೀರು ಸಂಪೂರ್ಣ ನಿಶ್ಚಲವಾಗಿದ್ದರೆ ಅವು ಒಂದು ಗೇಣು ಆಳಕ್ಕೆ ಇಳಿಯಲು ತಿಂಗಳುಗಳೇ ಬೇಕು.

ಪಂಪಿನ ಗುಳ್ಳೆಗಳೇ ನೀರಿಗೆ ಬೇಕಾದ ಗಾಳಿಯನ್ನೆಲ್ಲ ಕೊಡುತ್ತವೆಂದು ಅನೇಕರು ತಿಳಿದಿದ್ದಾರೆ. ಒಂದು ಗುಳ್ಳೆ ತಳದಿಂದ ಮೇಲಕ್ಕೆ ಬರಲು ಒಂದೆರಡು ಸೆಕೆಂಡುಗಳು ಸಾಕು. ಅಷ್ಟರಲ್ಲಿ ಅದು ಬಿಟ್ಟುಕೊಡುವ ಆಮ್ಲಜನಕ ಸ್ವಲ್ಪವೇ. ಗುಳ್ಳೆಗಳ ಮುಖ್ಯ ಕೆಲಸವೇ ಬೇರೆ. ಅವು ತಳದ ನೀರನ್ನು ತಮ್ಮೊಡನೆ ಮೇಲಕ್ಕೆತ್ತಿ, ಮೇಲ್ಮೈಯನ್ನು ಕಲಕಿ, ಗಾಳಿಯುಂಡ ನೀರನ್ನು ಕೆಳಕ್ಕೆ ಕಳುಹುತ್ತವೆ.

ಪಂಪಿನ ರಚನೆ ಸರಳ. ಮನೆಗಳಿಗೆ ಬರುವ ಪರ್ಯಾಯ ಪ್ರವಾಹದ ಆವರ್ತನ ಸೆಕೆಂಡಿಗೆ 50. ಪಂಪಿನೊಳಗಿನ ವಿದ್ಯುತ್ಕಾಂತದ ಧ್ರುವಗಳು ಅದಕ್ಕೆ ತಕ್ಕಂತೆ ಬದಲಾಗುತ್ತಿರಲು, ಎದುರಿಗಿರುವ ಪುಟ್ಟ ಅಯಸ್ಕಾಂತವು ಸೆಕೆಂಡಿಗೆ 50 ಸಲ ಅತ್ತಿತ್ತ ಅಲುಗುತ್ತದೆ. ಅದಕ್ಕೆ ಜೋಡಿಸಿದ ರಬ್ಬರ್ ಪೊರೆಯು ಕುಲುಮೆಯ ತಿದಿಯಂತೆ ಗಾಳಿಯನ್ನು ಒಂದು ಕವಾಟದಿಂದ ಒಳಕ್ಕೆಳೆದು ಮತ್ತೊಂದರಿಂದ ಹೊರಕ್ಕೆ ತಳ್ಳುತ್ತದೆ. ನಮಗೆ ಕೇಳಿಸುವ ಗುಂಯ್‌ಗುಡುವಿಕೆ ಈ ಕಂಪನದ್ದೇ. 30 ಸೆಂಟಿಮೀಟರ್ ನೀರಿನ ಒತ್ತಡ ವಾಯುಮಂಡಲದ ಒತ್ತಡದ ನೂರರಲ್ಲಿ ಮೂರು ಪಾಲಿನಷ್ಟೇ ಆದುದರಿಂದ ಈ ಪುಟ್ಟ ಯಂತ್ರಕ್ಕೆ ಅದನ್ನು ಮೀರುವುದು ಕಷ್ಟವಲ್ಲ.

ನಾವು ಎಸಗಿದ ತಪ್ಪು ಪಂಪನ್ನು ನೆಲದ ಮೇಲಿಟ್ಟದ್ದು ಮತ್ತು ತೊಟ್ಟಿಯನ್ನು ಅಂಚಿನವರೆಗೆ ತುಂಬಿದ್ದು. ಪಂಪು ನಿಂತೊಡನೆ ನೀರು ಕೊಳವೆಯೊಳಗೆ ಹಿಮ್ಮೆಟ್ಟಿತು. ಅಂಚನ್ನು ದಾಟಿ ಕೆಳಗಿಳಿದ ಮೇಲೆ ಸೈಫನ್ ಕ್ರಿಯೆ ಆರಂಭವಾಯಿತು. ಆದುದರಿಂದ ಪಂಪನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಯ ಹಲಗೆಯ ಮೇಲಿಡಬೇಕು. ಅದು ಸಾಧ್ಯವಿಲ್ಲವಾದರೆ, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಕವಾಟವನ್ನು ಕೊಳವೆಯ ನಡುವೆ ಜೋಡಿಸಬೇಕು. ಅದರ ಬಾಣದ ಗುರುತು ತೊಟ್ಟಿಯ ಕಡೆಗಿರಲಿ. ತಂತಿಯು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಳಿಕ ಮೇಲೇರುವಂತಿದ್ದರೆ ಅದರ ಮೇಲೆ ಬಿದ್ದ ಹನಿಗಳು ಪ್ಲಗ್ಗಿಗೆ ತಲುಪದೆ ಕೆಳಗೆ ತೊಟ್ಟಿಕ್ಕುತ್ತವೆ. ತೊಟ್ಟಿಯೊಳಗೆ ಕೈಯಿಡುವ ಮುನ್ನ ಪ್ಲಗ್ಗನ್ನು ಕಿತ್ತಿಡಿ. ಕೊಳವೆಯ ತುದಿಗೆ ಸೂಕ್ಷ್ಮರಂಧ್ರಗಳ ಕಲ್ಲನ್ನು ಸಿಕ್ಕಿಸಿದರೆ ಗುಳ್ಳೆಗಳು ಚಿಕ್ಕದಾಗುವುವು. ಒಂದು ಸೆಂಟಿಮೀಟರ್ ವ್ಯಾಸದ ಗುಳ್ಳೆಯು ಒಂದು ಮಿಲಿಮೀಟರಿನ ಸಾವಿರ ಗುಳ್ಳೆಗಳಾಗಿ ಒಡೆದರೆ ಒಟ್ಟು ಮೇಲ್ಮೈ ಹತ್ತು ಪಟ್ಟಾಗುತ್ತದೆ.

ವಿದ್ಯುತ್ತು ಇಲ್ಲದಾಗ ಏನು ಮಾಡಬೇಕು? ಇದಕ್ಕೆ ಉತ್ತರ ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರದಲ್ಲಿದೆ. ಅಲ್ಲಿ ತುಂಗಭದ್ರೆಯ ದಡದಲ್ಲಿ ನಿಂತು ನೋಡಿ. ಹರಿಯುವ ನೀರು ಕಲ್ಲಿಗೆ ಬಡಿದು ನೊರೆಯಾದಲ್ಲೆಲ್ಲ ಅದು ಗಾಳಿಯನ್ನು ಹೀರುತ್ತಿರುತ್ತದೆ. ನದಿಗೆ ತನ್ನ ಹರಿವೇ ಪಂಪು. ಹರಿವು ನಿಂತು, ಕೊಳಕು ಸೇರಿದರೆ ಅದೂ ನಮ್ಮ ತೊಟ್ಟಿಯಂತೆ ಉಸಿರುಗಟ್ಟುವುದು. ಮನೆಯಲ್ಲಿ ಒಂದು ಚೊಂಬು ಸಾಕು: ತೊಟ್ಟಿಯ ನೀರನ್ನೇ ಮೊಗೆದು ಒಂದು ಗೇಣು ಎತ್ತರದಿಂದ ಮೆಲ್ಲಗೆ ಸುರಿಯುತ್ತಿರಬೇಕು.

ಆ ಮುಂಜಾನೆ ನಾವು ಮಾಡಿದ್ದೂ ಇದನ್ನೇ. ಮಕ್ಕಳು ಸರದಿಯ ಮೇಲೆ ಚೊಂಬು ಹಿಡಿದರು. ಸ್ವಲ್ಪ ಹೊತ್ತಿನಲ್ಲಿ ಐದು ಮೀನುಗಳೂ ಮೇಲ್ಮೈಯನ್ನು ಬಿಟ್ಟು ತಳಕ್ಕಿಳಿದುವು.