ಚಳಿಗಾಲದಲ್ಲಿ ಊರಿಗೆ ಹೊರಡುವ ಮುನ್ನ

ಡಿಸೆಂಬರ್ ರಜೆ ಬಂತೆಂದರೆ ನಿಗಡಿ, ಆಕುರ್ಡಿ, ಚಿಂಚವಡಗಳ ಅನೇಕ ಕನ್ನಡ ಕುಟುಂಬಗಳು ಸ್ವಂತ ಕಾರಿನಲ್ಲಿ ಊರಿನ ದಾರಿ ಹಿಡಿಯುತ್ತವೆ. ಬೆಳಗಾವಿ ಸುಮಾರು 350 ಕಿಲೋಮೀಟರ್. ಹುಬ್ಬಳ್ಳಿ ಅಲ್ಲಿಂದ ಮತ್ತೆ ನೂರು. ರಾತ್ರಿ ಊಟ ಮುಗಿಸಿ ಹೊರಟು ಬೆಳಗಾಗುವುದರೊಳಗೆ ಮನೆ ಸೇರಬೇಕೆಂಬ ಹಂಬಲ ಸಹಜವೇ. ಆದರೆ ಪ್ರಯಾಣಕ್ಕೆ ವಾಹನದಂತೆ ಚಾಲಕನೂ ಸಿದ್ಧನಾಗಿರಬೇಕು.

ಚಳಿಯಲ್ಲಿ ಟೈರಿನೊಳಗಿನ ಗಾಳಿಯ ಒತ್ತಡ ಇಳಿಯುತ್ತದೆ. ಟೈರು ತಣ್ಣಗಿರುವಾಗಲೇ ಅದನ್ನು ಅಳತೆ ಮಾಡಿಸಿರಿ, ಸ್ಟೆಪ್ನಿಯನ್ನು ಮರೆಯದಿರಿ. ಹಳೆಯ ಬ್ಯಾಟರಿ ಚಳಿಗೆ ಇನ್ನಷ್ಟು ಸೊರಗುವುದರಿಂದ ಮುಂಚಿತವಾಗಿ ಪರೀಕ್ಷೆಯಾಗಲಿ. ಖಂಬಾಟ್ಕಿ ಘಾಟಿನ ಇಳಿಜಾರಿಗೆ ಬ್ರೇಕು ನಂಬುವಂತಿರಬೇಕು. ಸಾತಾರಾದಿಂದ ನಿಪ್ಪಾಣಿಯವರೆಗೆ ಆಗ ಕಬ್ಬು ಅರೆಯುವ ಕಾಲ. ಹಿಂದೀಪವಿಲ್ಲದ ಕಬ್ಬಿನ ಟ್ರೇಲರುಗಳು ಮಂಜಿನಲ್ಲಿ ತೀರ ಸಮೀಪಿಸುವವರೆಗೆ ಕಾಣಿಸವು. ಆದುದರಿಂದ ದೀಪ, ವೈಪರುಗಳನ್ನು ಸರಿಪಡಿಸಿಕೊಳ್ಳಿರಿ. ಮಂಜಿನಲ್ಲಿ ದೀಪವನ್ನು ತಗ್ಗಿಸಿಯೇ ನಡೆಸಿರಿ.

ಇನ್ನು ಚಾಲಕನ ಮಾತು. ನಡುರಾತ್ರಿಯಿಂದ ನಸುಕಿನವರೆಗೆ ದೇಹ ನಿದ್ರೆಯನ್ನೇ ಬೇಡುತ್ತದೆ. ಒಮ್ಮೆ ಕರಾಡದ ಬಳಿ ನನ್ನ ರೆಪ್ಪೆಗಳು ಅರೆಕ್ಷಣ ಮುಚ್ಚಿದ್ದವು; ಪಕ್ಕದಲ್ಲಿದ್ದ ಪತ್ನಿಯ ಕೂಗೇ ನಮ್ಮನ್ನು ಉಳಿಸಿತು. ಆ ಸಂಜೆ ನೆಗಡಿಗೆಂದು ನುಂಗಿದ್ದ ಮಾತ್ರೆಯನ್ನು ಆಮೇಲೆ ನೆನೆದೆ. ಅಂಥ ಅನೇಕ ಮಾತ್ರೆಗಳು ಮಂಪರು ತರುತ್ತವೆ. ವೈದ್ಯರನ್ನು ಕೇಳದೆ ಸೇವಿಸಿ ಕಾರು ನಡೆಸಬಾರದು. ತೂಕಡಿಕೆ ಬಂದರೆ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿರಿ. ಆದರೆ ಚಳಿಯೆಂದು ಗಾಜು ಏರಿಸಿ, ಎಂಜಿನ್ ಚಾಲೂ ಇಟ್ಟು ನಿದ್ರಿಸಬೇಡಿರಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನಿದ್ರೆಯಲ್ಲೇ ಪ್ರಾಣ ತೆಗೆಯಬಲ್ಲುದು.

ರಾತ್ರಿ ಚೆನ್ನಾಗಿ ಮಲಗಿ, ಬೆಳಕು ಹರಿದ ಮೇಲೆ ಹೊರಡುವುದೇ ಲೇಸು. ಊರಿನಲ್ಲಿ ಕಾದಿರುವ ಹಿರಿಯರಿಗೆ ನಾವು ತಡವಾಗಿ ಬಂದರೂ ಸಂತೋಷವೇ, ಬಂದರೆ ಸಾಕು.